ನಡುಸೀಟಿನ ಕಿಟಕಿಯ ಮೇಲಿನ ಉಸಿರು

ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದು ನಮ್ಮ ಕಡೆ ಹೊಸದೇನಲ್ಲ. ವಾರಕ್ಕೊಮ್ಮೆ ಮುಂದಿನ ಬಂಪರಿಗೆ ಹೊಸದು ಬೀಳುತ್ತದೆ, ಹಳೆಯದು ಮಿರಜಿನ ರಸ್ತೆಯಲ್ಲಿ ಎಲ್ಲರ ಟೈರಿಗೆ ಸಿಕ್ಕಿ ಅರೆದುಹೋಗುತ್ತದೆ. ಆದರೆ ಆ ವ್ಯಾನ್ ನನ್ನ ಗ್ಯಾರೇಜಿನ ಅಂಗಳಕ್ಕೆ ಬಂದಾಗ ಅದರ ಒಂದೊಂದು ಕಿಟಕಿಗೂ ಒಂದೊಂದು ನಿಂಬೆಹಣ್ಣು ಇತ್ತು, ಅದೂ ಒಳಗಡೆಯಿಂದ ಕಟ್ಟಿದ್ದು. ಗಾಡಿಗೆ ಪೆಟ್ರೋಲ್ ಹಾಕುತ್ತೀಯೋ ಶರಬತ್ತು ಹಾಕುತ್ತೀಯೋ ಎಂದು ನಾನು ಚಾಲಕನನ್ನು ಕೆಣಕಿದೆ. ಅವನು ನಗಲಿಲ್ಲ.

ಅವನು ಬೇಡಗದವನು, ಮೂವತ್ತರ ಆಸುಪಾಸಿನವನು. ತನ್ನ ಊರಿನಿಂದಲೂ ಹತ್ತಿರದ ಖಂಡೇರಾಜುರಿಯಿಂದಲೂ ರೋಗಿಗಳನ್ನು ಮಿರಜಿನ ಆಸ್ಪತ್ರೆಗೆ ಕರೆತರುವುದು, ಸಂಜೆ ಮನೆ ಮುಟ್ಟಿಸುವುದು ಅವನ ಕೆಲಸ. ಕರೆ ಬಂದರೆ ಅಥಣಿ ಕಡೆಯ ಹಳ್ಳಿಗಳಿಗೂ ಹೋಗುತ್ತಾನೆ. ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದ. ಆ ಬೆಳಿಗ್ಗೆ ಅವನು ಹೇಳಿದ ದೂರುಗಳು ಇಷ್ಟು. ಪೆಟ್ರೋಲ್ ಬಹಳ ಕುಡಿಯುತ್ತಿದೆ, ನಿಂತಲ್ಲಿ ಇಂಜಿನ್ ಏರಿಳಿಯುತ್ತದೆ, ಎದುರಿನ ಹಳದಿ ದೀಪ ಆರುವುದಿಲ್ಲ. ಯಾವಾಗಿನಿಂದ ಎಂದು ಕೇಳಿದ್ದಕ್ಕೆ, ದೀಪಾವಳಿಯಿಂದ ಎಂದ. ಆಮೇಲೆ ನೆಲ ನೋಡುತ್ತಾ ಇನ್ನೊಂದು ಮಾತು ಸೇರಿಸಿದ.

"ಒಳಗ ಕುಂತವ್ರಿಗೆ ತ್ರಾಸ ಆಗಾಕತ್ತೈತ್ರಿ ಕಾಕಾ."

ಒಳಗೆ ಕೂರುವವರೆಲ್ಲ ರೋಗಿಗಳು, ತ್ರಾಸ ಆಗದೆ ಏನಾಗುತ್ತದೆ ಎಂದುಕೊಂಡು ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಸ್ವಭಾವವೇ ಹಾಗೆ. ಯಂತ್ರ ಏನು ಹೇಳುತ್ತದೆ ಎಂಬುದನ್ನು ಗಂಟೆಗಟ್ಟಲೆ ಕೇಳುತ್ತೇನೆ, ಮನುಷ್ಯರು ಬಾಯಿ ತೆರೆದರೆ ಬೋಲ್ಟು ತಿರುಗಿಸುವ ಪಾನೆ ಹುಡುಕಲು ಹೋಗುತ್ತೇನೆ.

ಈ ಜಾತಿಯ ವ್ಯಾನಿನಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತಿದರೆ ತಗಡಿನ ಮುಚ್ಚಳ, ಮುಚ್ಚಳ ತೆಗೆದರೆ ಇಂಜಿನ್. ಅದರ ಬೆನ್ನಿಗೇ, ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ, ನಡುಸೀಟು. ನಾನು ಸ್ಕ್ಯಾನರ್ ಹಚ್ಚಿ ನೋಡಿದೆ. ಆಕ್ಸಿಜನ್ ಸೆನ್ಸರ್ ನಿಧಾನವಾಗಿದೆ ಎಂದು ಒಂದೇ ಒಂದು ದೋಷ ಬಂತು.

ಇಂಜಿನ್ನಿನಿಂದ ಹೊಗೆ ಹೊರಡುವ ಕೊಳವೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಈ ಸೆನ್ಸರ್ ಕೂತಿರುತ್ತದೆ. ಸುಟ್ಟ ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ಮೂಸಿ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಆಕ್ಸಿಜನ್ ಹೆಚ್ಚು ಕಂಡರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ, ಕಡಿಮೆ ಕಂಡರೆ ಇಳಿಸುತ್ತದೆ. ಆರೋಗ್ಯವಾಗಿರುವ ಸೆನ್ಸರಿನ ಗೆರೆ ಪರದೆಯ ಮೇಲೆ ಸೊನ್ನೆಯ ಹತ್ತಿರದಿಂದ ಒಂದು ವೋಲ್ಟಿನ ಹತ್ತಿರಕ್ಕೆ ಜಿಗಿಯುತ್ತದೆ, ಇಳಿಯುತ್ತದೆ, ಹತ್ತು ಸೆಕೆಂಡಿನಲ್ಲಿ ಹಲವಾರು ಸಲ. ಈ ವ್ಯಾನಿನ ಗೆರೆ ಏರಲಿಕ್ಕೇ ಮೂರು ಸೆಕೆಂಡು ತೆಗೆದುಕೊಳ್ಳುತ್ತಿತ್ತು, ಮೇಲೆ ನಿಂತು ಯೋಚನೆ ಮಾಡುತ್ತಿತ್ತು, ಮತ್ತೆ ಮನಸ್ಸಿಲ್ಲದ ಮನಸ್ಸಿನಿಂದ ಇಳಿಯುತ್ತಿತ್ತು.

ತಂತಿ ತಪಾಸಣೆ ಮಾಡಿದೆ, ಜೋಡಣೆಯ ಪಿನ್ನುಗಳನ್ನು ಒರೆಸಿದೆ, ಸೆನ್ಸರಿನೊಳಗಿನ ಹೀಟರಿಗೆ ಕರೆಂಟು ಬರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿದೆ. ಎಲ್ಲ ಸರಿ ಇತ್ತು. ಸೆನ್ಸರನ್ನೇ ಬಿಚ್ಚಿದಾಗ ಅದರ ತುದಿ ಕಂದೀಲಿನ ಗಾಜಿನ ಹಾಗೆ ಮಸಿ ಹಿಡಿದಿತ್ತು. ಆ ಮಸಿ ಎಲ್ಲಿಂದ ಬಂತು ಎಂದು ಅಲ್ಲೇ ಕೇಳಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಕೇಳಿಕೊಳ್ಳಲಿಲ್ಲ. ಸೆನ್ಸರಿಗೆ ವಯಸ್ಸಾಯಿತು ಎಂದು ತೀರ್ಮಾನಿಸಿ, ಸಾಂಗ್ಲಿಯಿಂದ ಹೊಸದು ತರಿಸಿ ಮರುದಿನ ಬೆಳಿಗ್ಗೆ ಕೂರಿಸಿದೆ.

ಇಂಜಿನ್ ಬಿಸಿಯಾಗಲೆಂದು ಚಾಲೂ ಇಟ್ಟು, ಬಾಗಿಲು ಕಿಟಕಿ ಮುಚ್ಚಿ, ನಾನು ಹೊರಗೆ ನಿಂತೆ. ಕಬ್ಬಿನ ಹಂಗಾಮಿನ ಚಳಿ ಇತ್ತು, ಬಿಸಿಲು ಇನ್ನೂ ಎಳೆಯದು. ಆಗ ನಡುಸೀಟಿನ ಕಿಟಕಿಯ ಗಾಜಿನ ಮೇಲೆ ಒಳಗಡೆಯಿಂದ ಮಂಜು ಕಟ್ಟತೊಡಗಿತು. ಬೇರೆ ಗಾಜುಗಳೆಲ್ಲ ತಿಳಿಯಾಗಿದ್ದವು. ಇದೊಂದರ ಮೇಲೆ ಮಾತ್ರ ತಟ್ಟೆಯಷ್ಟು ಅಗಲದ ಬಿಳಿ ಕಲೆ, ಒಬ್ಬ ಮನುಷ್ಯ ಅಲ್ಲಿ ತಲೆ ಆನಿಸಿ ಕೂತರೆ ಬಾಯಿ ಎಲ್ಲಿ ಬರುತ್ತದೋ ಅಲ್ಲಿ. ನಾನು ಬಾಗಿಲು ಸರಿಸಿ ನೋಡಿದೆ. ಒಳಗೆ ಯಾರೂ ಇರಲಿಲ್ಲ. ತೋಳಿನಿಂದ ಗಾಜು ಒರೆಸಿ ಬಾಗಿಲು ಹಾಕಿದೆ. ಎರಡು ನಿಮಿಷದಲ್ಲಿ ಕಲೆ ಅದೇ ಜಾಗದಲ್ಲಿ ಮತ್ತೆ ಬಂತು.

ನನಗೆ ಭಯವಾಯಿತು ಎಂದು ಬರೆಯಲು ಈಗ ನಾಚಿಕೆಯಿಲ್ಲ. ಹಾಡುಹಗಲು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿವೆ, ನಾನು ನನ್ನದೇ ಅಂಗಳದಲ್ಲಿ ಒಂದು ಗಾಜಿನ ಹತ್ತಿರ ಹೋಗಲು ಹಿಂಜರಿಯುತ್ತಿದ್ದೇನೆ. ಸೀಟಿನ ಮೇಲೆ ಯಾರೋ ಒದ್ದೆ ಟವೆಲ್ ಬಿಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಟವೆಲ್ ಇರಲಿಲ್ಲ. ಪರದೆಯ ಮೇಲೆ ಹೊಸ ಸೆನ್ಸರಿನ ಗೆರೆ ಚುರುಕಾಗಿ ಕುಣಿಯುತ್ತಿತ್ತು, ಹಳದಿ ದೀಪ ಆರಿತ್ತು. ಗಾಡಿ ಕೊಟ್ಟು ಕಳಿಸಿದೆ. ನಿಜ ಹೇಳಬೇಕೆಂದರೆ, ಅದು ಅಂಗಳದಿಂದ ಹೊರಟರೆ ಸಾಕಾಗಿತ್ತು.

ಆರನೆಯ ದಿನ, ಬುಧವಾರ, ಚಾಲಕ ತಿರುಗಿ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಗಾಡಿ ಈಗ ಮೊದಲಿಗಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆ ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿ, ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟ. ಅವನ ಬಾಯಿಂದ ಉಳಿದದ್ದನ್ನು ಹೊರಡಿಸಲು ಎರಡು ಕಪ್ ಚಹಾ ಬೇಕಾಯಿತು.

ಖಂಡೇರಾಜುರಿಯಲ್ಲಿ ಅವನ ಮಾವಶಿ, ಅಂದರೆ ತಾಯಿಯ ತಂಗಿ, ಇದ್ದಾರೆ. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮಿರಜಿನಲ್ಲಿ ರಕ್ತ ತೊಳೆಸಿಕೊಳ್ಳಬೇಕು. ಈ ವ್ಯಾನಿನ ನಡುಸೀಟು ಅವರದು. ಕಳೆದ ಶುಕ್ರವಾರ, ಅಂದರೆ ನಾನು ಹೊಸ ಸೆನ್ಸರ್ ಹಾಕಿದ ಮರುದಿನ, ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಕರೆದರೆ ಮಾವಶಿ ಏಳಲಿಲ್ಲ. ಸ್ಟ್ರೆಚರಿನ ಮೇಲೆ ಒಳಗೆ ಒಯ್ದರು. ಮೂಗಿಗೆ ಆಕ್ಸಿಜನ್ ಇಟ್ಟ ಮೇಲೆ ಕಣ್ಣು ಬಿಟ್ಟರು, ಆಸ್ಪತ್ರೆಯವರು ಅದನ್ನು ಕಿಡ್ನಿಯದೇ ಆಟ ಎಂದುಕೊಂಡರು. ಮಾವಶಿ ಮಾತ್ರ, ತನ್ನ ಬಾಜೂಕೆ ಸತ್ತವಳು ಕೂತಿದ್ದಳು ಎಂದರು. ನಿನ್ನೆ ಮಂಗಳವಾರ ಗಾಡಿ ಹತ್ತಲಿಲ್ಲ. ಬೇರೆ ಗಾಡಿ ತರುತ್ತೇನೆಂದರೆ ಅದಕ್ಕೂ ಒಲ್ಲೆ ಎಂದರು, ಹಿಂದೆ ಬರುವವಳು ಯಾವ ಗಾಡಿಯಲ್ಲಾದರೂ ಬರುತ್ತಾಳಂತೆ. ನಾಡಿದ್ದು ಶುಕ್ರವಾರವೂ ತಪ್ಪಿದರೆ ಮೈಯ ನೀರು ಎದೆಗೆ ಏರುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ.

ಸತ್ತವಳು ಯಾರು ಎಂದು ಕೇಳಿದೆ. ಆಗ ದೀಪಾವಳಿಯ ಸುಳ್ಳು ಹೊರಬಿತ್ತು. ಅಥಣಿ ಕಡೆಯ ಒಬ್ಬ ಹೆಂಗಸು, ಮಾವಶಿಯ ಪಕ್ಕದ ಹಾಸಿಗೆಯಲ್ಲೇ ರಕ್ತ ತೊಳೆಸಿಕೊಳ್ಳುತ್ತಿದ್ದವರು, ದೀಪಾವಳಿಗೆ ಎಷ್ಟೋ ಮೊದಲು ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಣವನ್ನು ಊರಿಗೆ ಒಯ್ದದ್ದು ಇದೇ ವ್ಯಾನ್. ಹೆಣ ಹೊತ್ತ ಗಾಡಿ ಎಂದು ಗೊತ್ತಾದರೆ ಯಾವ ರೋಗಿಯೂ ಹತ್ತುವುದಿಲ್ಲ, ಅದಕ್ಕೇ ಅವನು ಯಾರಿಗೂ ಹೇಳಿರಲಿಲ್ಲ. ಗಾಡಿ ಕೆಟ್ಟದ್ದು ಅವತ್ತಿನಿಂದ.

ನಾನು ಅವನನ್ನು ಬೈದೆ. ಡಾಕ್ಟರಿಗೂ ಮಿಸ್ತ್ರಿಗೂ ಸುಳ್ಳು ಹೇಳಬಾರದು ಎಂದು ದೊಡ್ಡದಾಗಿ ಉಪದೇಶ ಮಾಡಿದೆ. ಮಾಡುತ್ತಿರುವಾಗಲೇ ಆ ಗಾಜಿನ ಕಲೆ ನೆನಪಾಗಿ ದನಿ ತಗ್ಗಿತು.

ಅವತ್ತೇ ಮಧ್ಯಾಹ್ನ ಮೋಟಾರ್‌ಸೈಕಲ್ ಹತ್ತಿ ಖಂಡೇರಾಜುರಿಗೆ ಹೋದೆ. ಮಾವಶಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅರವತ್ತು ದಾಟಿದವರು, ಪಾದ ಉಬ್ಬಿ ಕಾಲುಂಗುರ ಮಾಂಸದಲ್ಲಿ ಹೂತಿತ್ತು. ಸೊಸೆ ನನಗೆ ದೊಡ್ಡ ಲೋಟದಲ್ಲಿ ನೀರು ಕೊಟ್ಟಳು. ಮಾವಶಿ ಅದನ್ನೇ ನೋಡುತ್ತಿದ್ದರು, ಅವರಿಗೆ ದಿನಕ್ಕೆ ಅಳತೆಯ ನೀರು. ಕುಡಿಯಲು ನನಗೆ ಮನಸ್ಸಾಗಲಿಲ್ಲ. ಆಕೆ ಹೇಗೆ ಕಾಣುತ್ತಾಳೆ ಎಂದು ಕೇಳಿದೆ. ಮುಖ ಕಾಣುವುದಿಲ್ಲ, ಭಾರ ಗೊತ್ತಾಗುತ್ತದೆ ಎಂದರು. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ತಲೆ ಒಡೆಯಲು ಶುರುವಾಗುತ್ತದೆ, ಕಿವಿಯಲ್ಲಿ ಜೀರುಂಡೆ ಕೂಗುತ್ತದೆ, ಆಮೇಲೆ ಅವಳು ಬಂದು ತನ್ನ ಶಾಲಿನ ಅರ್ಧ ಎಳೆದುಕೊಳ್ಳುತ್ತಾಳೆ. ಆಸ್ಪತ್ರೆಯ ಬಾಗಿಲಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ತಲೆನೋವು ಹಗುರಾಗುತ್ತದೆ.

ಗಾಡಿಯಲ್ಲಿ ಬರುವ ತಲೆನೋವು, ಇಳಿದರೆ ಹೋಗುವ ತಲೆನೋವು. ಇದನ್ನು ಮೊದಲೇ ಕೇಳಬೇಕಾಗಿತ್ತು. ಚಳಿಯಲ್ಲಿ ಕಿಟಕಿ ತೆರೆದಿರುತ್ತೀರಾ ಎಂದೆ. ರಕ್ತ ತೊಳೆಸುವವರಿಗೆ ಮೈಯೆಲ್ಲ ನಡುಕ, ಎಲ್ಲ ಮುಚ್ಚಿ ಶಾಲು ಹೊದ್ದು ಕೂರುತ್ತಾರೆ. ಚಾಲಕನದು ಮಾತ್ರ ತೆರೆದ ಕಿಟಕಿ, ತಂಬಾಕು ಉಗುಳಲು ಬೇಕಲ್ಲ.

ಮನೆಗೆ ಬರುವಾಗ ನಾನು ಒಂದು ನಿರ್ಧಾರ ಮಾಡಿದೆ. ಇನ್ನು ಅಂಗಳದಲ್ಲಿ ನಿಲ್ಲಿಸಿ ನೋಡುವುದು ಸಾಕು. ಮಾವಶಿ ಕೂರುವ ಜಾಗದಲ್ಲಿ, ಅವರು ಹೋಗುವ ಹೊತ್ತಿನಲ್ಲಿ, ಅವರು ಹೋಗುವ ದಾರಿಯಲ್ಲಿ, ಅವರು ಮುಚ್ಚುವ ಹಾಗೇ ಕಿಟಕಿ ಮುಚ್ಚಿಕೊಂಡು ನಾನೇ ಹೋಗಬೇಕು. ಕೇಳಲು ಸುಲಭವಾದ ನಿರ್ಧಾರ. ರಾತ್ರಿ ಹೆಂಡತಿಗೆ ಹೇಳಿದಾಗ ಆಕೆ ನೇರ ದೇವರ ಕೋಣೆಗೆ ಹೋದಳು.

ಗುರುವಾರ ಬೆಳಿಗ್ಗೆ ಖಂಡೇರಾಜುರಿಯಿಂದ ಹೊರಟೆವು. ನಾನು ನಡುಸೀಟಿನಲ್ಲಿ, ಶಾಲು ಹೊದ್ದು, ಕೈಯಲ್ಲಿ ಸ್ಕ್ಯಾನರ್. ಮುಂದೆ ಚಾಲಕ, ಕಿಟಕಿಯಲ್ಲಿ ಮೊಣಕೈ. ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟ, ಅದು ಮುಗಿದ ಮೇಲೆ ಕಬ್ಬು, ಎಲ್ಲದರ ಮೇಲೆ ಮಂಜು. ಮೊದಲ ಹತ್ತು ನಿಮಿಷ ಏನೂ ಇಲ್ಲ. ಗೆರೆ ಚೆನ್ನಾಗಿ ಕುಣಿಯುತ್ತಿತ್ತು. ನಾನು ಚಾಲಕನಿಗೆ ತಮಾಷೆಯಾಗಿ ಏನೋ ಹೇಳಲು ಹೋದೆ, ಮಾತು ಬಾಯಲ್ಲಿ ದಪ್ಪವಾಗಿ ಹೊರಳಿತು.

ಹಣೆಯ ಎರಡೂ ಬದಿ ಬಿಗಿಯತೊಡಗಿತು. ಪಕ್ಕದ ಗಾಜಿನ ಮೇಲೆ ಬಿಳಿ ಕಲೆ ಎದ್ದಿತು, ಅದು ನನ್ನ ಉಸಿರಲ್ಲ, ನಾನು ಆ ಕಡೆ ಮುಖ ಮಾಡಿರಲೇ ಇಲ್ಲ. ಕಲೆ ದೊಡ್ಡದಾಗುವುದನ್ನು ನೋಡುತ್ತಾ ಕೂತೆ. ಒರೆಸಬೇಕೆನಿಸಿತು, ಕೈ ಏಳಲಿಲ್ಲ. ಆಗ ನನ್ನ ಎಡಕ್ಕೆ ಯಾರೋ ಕೆಮ್ಮಿದರು. ಸಣ್ಣ ಕೆಮ್ಮು, ಬಾಯಿಗೆ ಸೆರಗು ಹಿಡಿದು ಕೆಮ್ಮುವ ಹಾಗೆ. ಚಾಲಕ ತಿರುಗಿ ನೋಡಲಿಲ್ಲ. ಶಾಲಿನ ತುದಿ ನನ್ನ ಎಡ ತೊಡೆಯ ಮೇಲಿನಿಂದ ಮೆಲ್ಲಗೆ ಜಾರಿತು. ಮೈಯ ಕೂದಲೆಲ್ಲ ನೆಟ್ಟಗಾಯಿತು, ಆದರೆ ವಿಚಿತ್ರವೆಂದರೆ ಏಳಬೇಕೆನಿಸಲಿಲ್ಲ. ಬೆಚ್ಚಗಿತ್ತು. ಕಣ್ಣು ಮುಚ್ಚಿದರೆ ಎಷ್ಟು ಚೆನ್ನಾಗಿರುತ್ತದೆ ಎನಿಸಿತು.

ತಲೆ ಬಾಗಿದಾಗ ಕಣ್ಣಿಗೆ ಬಿದ್ದದ್ದು ಪರದೆ. ಗೆರೆಯ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಕಂಪ್ಯೂಟರ್ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಪೆಟ್ರೋಲ್ ಹಾಕುತ್ತಿದೆ ಎಂಬ ಅಂಕಿ. ಎರಡೋ ಮೂರೋ ಇದ್ದರೆ ಸರಿ. ಅಲ್ಲಿ ಇಪ್ಪತ್ಮೂರು ಇತ್ತು. ಅವತ್ತು ಅಂಗಳದಲ್ಲಿ ನಾನು ಗೆರೆಯ ಕುಣಿತ ನೋಡಿ ಖುಷಿಪಟ್ಟಿದ್ದೆ, ಅಂಕಿ ನೋಡಿರಲಿಲ್ಲ. ಪೆಟ್ರೋಲ್ ಸಾಲದು ಎಂದು ಸೆನ್ಸರ್ ಒಂದೇ ಸಮನೆ ಕೂಗುತ್ತಿದೆ, ಕಂಪ್ಯೂಟರ್ ಸುರಿಯುತ್ತಲೇ ಇದೆ. ಅರ್ಧ ಸುಟ್ಟ ಹೊಗೆ ಎಲ್ಲಿಗೆ ಹೋಗುತ್ತಿದೆ?

ನಿಲ್ಲಿಸು ಎಂದೆನೋ ಇಲ್ಲವೋ ನೆನಪಿಲ್ಲ. ಬಾಗಿಲು ಸರಿದದ್ದು, ಮೊಣಕಾಲು ಕಬ್ಬಿನ ಬದುವಿನ ಮಣ್ಣಿಗೆ ಊರಿದ್ದು, ಬೆಳಗಿನ ಚಹಾ ಹೊರಗೆ ಬಂದದ್ದು ನೆನಪಿದೆ. ಚಾಲಕ ದೂರ ನಿಂತು ಕೈಮುಗಿದುಕೊಂಡಿದ್ದ, ನನಗೋ ನನ್ನ ಹಿಂದಿನವರಿಗೋ ಗೊತ್ತಿಲ್ಲ. ಗಾಳಿ ತೆಗೆದುಕೊಂಡ ಹಾಗೆಲ್ಲ ತಲೆ ತಿಳಿಯಾಯಿತು.

ಎಲ್ಲ ಕಿಟಕಿ ತೆರೆದು, ನಾನು ಮುಂದಿನ ಸೀಟಿನಲ್ಲಿ ಕೂತು ಮಿರಜ ಮುಟ್ಟಿದೆವು. ಅಲ್ಲಿ ಗಾಡಿಗಳ ಹೊಗೆ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವ ಗೆಳೆಯನೊಬ್ಬನಿದ್ದಾನೆ. ಸೈಲೆನ್ಸರಿಗೆ ತೂರಿಸುವ ನಳಿಕೆಯನ್ನು ನಡುಸೀಟಿನ ಮೇಲೆ ಮಲಗಿಸಿ, ಕಿಟಕಿ ಮುಚ್ಚಿ, ಇಂಜಿನ್ ಚಾಲೂ ಮಾಡು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೇಳಿದ ಹಾಗೆ ಮಾಡಿದ. ಸೊನ್ನೆ ಇರಬೇಕಾದ ಕಡೆ ಕಾರ್ಬನ್ ಮೊನಾಕ್ಸೈಡಿನ ಅಂಕಿ ಏರತೊಡಗಿತು. ಅವನು ಯಂತ್ರ ಕೆಟ್ಟಿದೆ ಎಂದು ಮತ್ತೊಮ್ಮೆ ಇಟ್ಟ. ಮತ್ತೆ ಏರಿತು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಗಾಳಿ ರಕ್ತದಲ್ಲಿ ಆಕ್ಸಿಜನ್ನಿನ ಜಾಗ ಹಿಡಿದು ಕೂರುತ್ತದೆ. ಮೊದಲು ತಲೆನೋವು, ಆಮೇಲೆ ಇಲ್ಲದ್ದು ಕೇಳುವುದು, ಕಾಣುವುದು, ಆಮೇಲೆ ನಿದ್ದೆ. ಇಂಜಿನ್ನಿನ ಹೊಗೆಯಲ್ಲಿ ನೀರಿನ ಹಬೆಯೂ ಇರುತ್ತದೆ. ಗಾಜಿನ ಮೇಲಿನ ಉಸಿರು ಅದು.

ಮಧ್ಯಾಹ್ನದವರೆಗೆ ಇಂಜಿನ್ ತಣ್ಣಗಾಗಲು ಬಿಟ್ಟೆ. ಸೈಲೆನ್ಸರಿನ ಬಾಯಿಗೆ ಟ್ಯೂಬು ಕಟ್ಟಿ ಕಂಪ್ರೆಸರಿನಿಂದ ಮೆಲ್ಲಗೆ ಗಾಳಿ ಬಿಟ್ಟು, ಹೊಗೆ ಕೊಳವೆಯ ಉದ್ದಕ್ಕೂ ಸಾಬೂನಿನ ನೀರು ಹಚ್ಚುತ್ತಾ ಹೋದೆ. ಇಂಜಿನ್ನಿಗೆ ಹೊಂದಿಕೊಂಡಿರುವ ಎರಕದ ಮ್ಯಾನಿಫೋಲ್ಡಿನ ಕೆಳಹೊಟ್ಟೆಯಲ್ಲಿ, ಸೆನ್ಸರಿಗಿಂತ ಒಂದು ಗೇಣು ಮುಂಚೆ, ಗುಳ್ಳೆಗಳೆದ್ದವು. ಕನ್ನಡಿ ಹಿಡಿದು ನೋಡಿದೆ. ಕೂದಲೆಳೆಯ ಬಿರುಕು, ಬೆರಳುದ್ದ. ಗುಳ್ಳೆ ಉಬ್ಬಿ, ಒಡೆದು, ಮತ್ತೆ ಉಬ್ಬಿ, ಬಿರುಕು ಉಸಿರಾಡುತ್ತಿದ್ದ ಹಾಗಿತ್ತು.

ಈಗ ಎಲ್ಲ ತಾಳೆಯಾಯಿತು. ಹೊಗೆ ದಬ್ಬಿದಾಗ ಬಿರುಕಿನಿಂದ ಹೊರಗೆ ಸೋರುತ್ತದೆ, ಸೋರಿದ್ದು ಸೀಟಿನಡಿಯ ಮುಚ್ಚಳದ ಹರಿದ ರಬ್ಬರಿನಿಂದ ಒಳಗೆ ಏರುತ್ತದೆ. ಎರಡು ದಬ್ಬುಗಳ ನಡುವೆ ಅದೇ ಬಿರುಕು ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಆ ಗಾಳಿಯ ಆಕ್ಸಿಜನ್ ಮೂಸಿದ ಸೆನ್ಸರ್, ಪೆಟ್ರೋಲ್ ಸಾಲದು ಎನ್ನುತ್ತದೆ. ಹೆಚ್ಚಾದ ಪೆಟ್ರೋಲ್ ಮಸಿಯಾಗಿ ಸೆನ್ಸರನ್ನೇ ಮುಚ್ಚಿ ನಿಧಾನ ಮಾಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನಾನು ಮಾಡಿದ್ದು ಅದೇ. ಹಳೆಯ ಸೆನ್ಸರ್ ತಡವರಿಸಿ ಹೇಳುತ್ತಿದ್ದ ಸುಳ್ಳನ್ನು ಹೊಸದು ಚುರುಕಾಗಿ, ಬಿಡದೆ ಹೇಳತೊಡಗಿತು. ವಿಷ ಹೆಚ್ಚಾಯಿತು. ಶುಕ್ರವಾರ ಮಾವಶಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ್ದು ನನ್ನ ಕೈ.

ಆ ಮಾತು ಹೊಳೆದಾಗ ನಾನು ಗಾಡಿಯ ಅಡಿಯಲ್ಲೇ ಸ್ವಲ್ಪ ಹೊತ್ತು ಮಲಗಿದ್ದೆ. ಹೊರಗೆ ಬಂದು ಮುಖ ತೋರಿಸಲು ಆಗಲಿಲ್ಲ.

ಎರಕದ ಕಬ್ಬಿಣ ಸುಮ್ಮನೆ ಸೀಳುವುದಿಲ್ಲ. ಕಾದ ಮ್ಯಾನಿಫೋಲ್ಡಿನ ಮೇಲೆ ತಣ್ಣೀರು ಬಿತ್ತೇ ಎಂದು ಚಾಲಕನನ್ನು ಕೇಳಿದೆ. ಅವನು ಬಾಯಿಯ ತಂಬಾಕು ಉಗುಳಿ ಬಂದು ಹೇಳಿದ.

"ಹೆಣಾ ಮುಟ್ಟಿಸಿ ಬಂದ ಮ್ಯಾಲ ಗಾಡಿ ತೊಳೀಲಾರದ ಊರಾಗ ಹೊಗಸಬಾರದ್ರಿ. ನಡುವ ಎಲ್ಲೂ ನಿಂದ್ರಸಬಾರ್ದು. ಊರ ಶೀವ್ಯಾಗ ಒಬ್ರ ಹೊಲದಾಗ ಮೋಟರ್ ಚಾಲೂ ಇತ್ತು, ಪೈಪ್ ಹಿಡದು ಮ್ಯಾಲ, ಕೆಳಗ, ಎಲ್ಲಾ ಕಡೆ ಹೊಡದೆ. ಬುಸ್ ಅಂತ ಹಬಿ ಎದ್ದಿತು. ಹೊಂಟಳು ಅಂದ್ಕೊಂಡೆ."

ಅಥಣಿ ಕಡೆಯಿಂದ ನಿಲ್ಲದೆ ಓಡಿ ಬಂದ ಇಂಜಿನ್, ಕೆಂಪಗೆ ಕಾದ ಮ್ಯಾನಿಫೋಲ್ಡ್, ಅದರ ಮೇಲೆ ಬೋರಿನ ನೀರು. ಸತ್ತವಳನ್ನು ಗಾಡಿಯಿಂದ ಕಳಿಸಲು ಮಾಡಿದ ಕೆಲಸವೇ ಬಾಗಿಲು ತೆರೆದಿತ್ತು. ಅವನಿಗೆ ನಾನು ಅಷ್ಟು ವಿವರಿಸಿದಾಗ ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಬೈಯಲು ನನಗೆ ಬಾಯಿರಲಿಲ್ಲ. ಇನ್ನು ಮುಂದೆ ಹೆಣ ಒಯ್ದರೆ ಶೀವೆಯಲ್ಲಿ, ಊರಿನ ಗಡಿಯಲ್ಲೇ ನಿಲ್ಲಿಸಿ, ಇಂಜಿನ್ ತಣ್ಣಗಾಗುವ ತನಕ ಬೀಡಿ ಸೇದು, ಆಮೇಲೆ ತೊಳಿ ಎಂದೆ.

ಶುಕ್ರವಾರಕ್ಕೆ ಮುಂಚೆ ಮುಗಿಸಬೇಕಿತ್ತು. ಹೊಸ ಮ್ಯಾನಿಫೋಲ್ಡ್ ಬರಲು ವಾರ ಹಿಡಿಯುತ್ತದೆ ಎಂದರು. ಬಿರುಕಿಗೆ ವೆಲ್ಡಿಂಗ್ ಮಾಡು ಎಂದು ಒಬ್ಬಿಬ್ಬರು ಸಲಹೆ ಕೊಟ್ಟರು. ಎರಕದ ವೆಲ್ಡಿಂಗ್ ಮತ್ತೆ ಯಾವಾಗ ಬಾಯಿ ಬಿಡುತ್ತದೆ ಎಂದು ಹೇಳಲಾಗದು, ಒಳಗೆ ಕೂರುವವರು ಎದ್ದು ಓಡಲಾರದವರು. ಸಾಂಗ್ಲಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ, ಮೂರನೆಯ ಅಂಗಡಿಯಲ್ಲಿ ಅದೇ ಮಾದರಿಯದೊಂದು ಸಿಕ್ಕಿತು. ಉಕ್ಕಿನ ಪಟ್ಟಿ ಇಟ್ಟು ಮುಖ ಸಪಾಟಾಗಿದೆಯೇ ನೋಡಿದೆ, ಕಾಣದ ಬಿರುಕಿದ್ದರೆ ತಿಳಿಯಲೆಂದು ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿದೆ, ಎಲ್ಲೂ ಎಣ್ಣೆಯ ಗೆರೆ ಮೂಡಲಿಲ್ಲ. ಹಳೆಯದನ್ನು ಬಿಚ್ಚುವಾಗ ಒಂದು ಬೋಲ್ಟು ಇಂಜಿನ್ನಿನೊಳಗೇ ಮುರಿದು ಕೂತಿತು. ಅದರ ನಡುವಿಗೆ ಡ್ರಿಲ್ ಹಿಡಿದು, ಕೈ ನಡುಗದ ಹಾಗೆ ಉಸಿರು ಬಿಗಿಹಿಡಿದು, ಚೂರು ಚೂರಾಗಿ ಹೊರಗೆ ತೆಗೆದೆ. ಹೊಸ ಪ್ಯಾಕಿಂಗ್, ಮುಚ್ಚಳಕ್ಕೆ ಹೊಸ ರಬ್ಬರ್, ಸೆನ್ಸರಿನ ಮಸಿ ಸುಟ್ಟು ಹೋಗಲು ಒಂದು ಉದ್ದನೆಯ ಓಟ. ಕಂಪ್ಯೂಟರಿನ ಹಳೆಯ ಕಲಿಕೆಯನ್ನೆಲ್ಲ ಅಳಿಸಿ ಹೊಸದಾಗಿ ಕಲಿಯಲು ಬಿಟ್ಟೆ. ಅಂಕಿ ಎರಡಕ್ಕೆ ಬಂದು ನಿಂತಿತು. ಗೆಳೆಯನ ನಳಿಕೆ ಮತ್ತೆ ನಡುಸೀಟಿನಲ್ಲಿ ಮಲಗಿತು. ಈ ಸಲ ಸೊನ್ನೆ.

ಶುಕ್ರವಾರ ಬೆಳಿಗ್ಗೆ ಚಾಲಕನ ಜೊತೆ ಖಂಡೇರಾಜುರಿಗೆ ನಾನೂ ಹೋದೆ. ಮಾವಶಿಗೆ ಉಸಿರು ಮೇಲುಮೇಲಾಗುತ್ತಿತ್ತು, ಮಲಗಿದರೆ ಕಟ್ಟುತ್ತದೆಂದು ರಾತ್ರಿಯಿಡೀ ಕೂತೇ ಇದ್ದರಂತೆ. ಬಿರುಕು, ಗಾಳಿ, ಸೆನ್ಸರ್ ಎಲ್ಲವನ್ನೂ ಹೇಳಿದೆ. ಹೋದ ವಾರ ನಿಮಗೆ ಎಚ್ಚರ ತಪ್ಪಿದ್ದು ನನ್ನ ತಪ್ಪಿನಿಂದ ಎಂದೂ ಹೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಷ್ಟು ತಲುಪಿತೋ ಗೊತ್ತಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಕಿಡಕಿ ಮುಚ್ಚಿ ನನ್ನ ಬಾಜೂಕ ನೀ ಕುಂದರ್ತೀಯೇನ ತಮ್ಮಾ?"

ಕುಂದರ್ತೇನಿ ಎಂದೆ. ಅವರು ಸೊಸೆಯ ಹೆಗಲು ಹಿಡಿದು ಎದ್ದರು.

ನಡುಸೀಟಿನಲ್ಲಿ ಕಿಟಕಿಯ ಕಡೆ ಅವರು, ಬಾಗಿಲ ಕಡೆ ನಾನು. ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಎಲ್ಲ ಕಿಟಕಿ ಮುಚ್ಚಿದ್ದವು. ನಾನು ಗಾಜಿನ ಮೇಲೇ ಕಣ್ಣಿಟ್ಟಿದ್ದೆ, ಅದು ತಿಳಿಯಾಗಿಯೇ ಉಳಿಯಿತು. ದ್ರಾಕ್ಷಿ ತೋಟ ಮುಗಿಯಿತು, ಕಬ್ಬು ಬಂತು. ನನಗೆ ತಲೆನೋವಿಲ್ಲ. ಮಾವಶಿಯ ಮುಖದ ಬಿಗಿಯೂ ಸಡಿಲವಾಯಿತು. ಆಗ ಅವರೇ ಮಾತು ತೆಗೆದರು.

"ಎಲ್ಲಾರೂ ಆಕಿ ಹೆಂಗ ಕಾಣ್ತಾಳ ಅಂತ ಕೇಳಿದ್ರು. ನೀನೂ ಅದನ್ನ ಕೇಳಿದಿ. ಏನಂತಾಳ ಅಂತ ಒಬ್ರೂ ಕೇಳಲಿಲ್ಲ ನೋಡು."

ಏನನ್ನುತ್ತಿದ್ದಳು ಎಂದು ಕೇಳಿದೆ.

"ಇಳಿ ಅಂತಿದ್ಳು. ಇಳಿ ತಂಗಿ, ಇಳಿ. ಗಾಡಿ ಹೊಂಟಾಗಿಂದ ಮಿರಜ ಬರೂ ತನಾ ಅದೊಂದ ಮಾತು. ಆಕಿ ಮಾತ ಕೇಳೇ ನಾ ಗಾಡಿ ಬಿಟ್ಟೆ. ಅಂಜಿ ಅಲ್ಲ."

ಈ ಗಾಳಿ ತಲೆ ಕೆಡಿಸುತ್ತದೆ, ಕಿವಿಯಲ್ಲಿ ಸದ್ದು ಮಾಡುತ್ತದೆ, ಇಲ್ಲದವರನ್ನು ಪಕ್ಕಕ್ಕೆ ತಂದು ಕೂರಿಸುತ್ತದೆ. ಅದನ್ನೆಲ್ಲ ನಾನು ಅವರಿಗೆ ವಿವರಿಸಿದ್ದೆ. ಮಲಗು, ಕಣ್ಣು ಮುಚ್ಚು ಎಂದು ಹೇಳುವುದು ಅದರ ಗುಣ, ನನಗೆ ಹೇಳಿದ್ದೂ ಅದನ್ನೇ. ಹಾಗಾದರೆ ಇಳಿ ಎಂದು ಹೇಳಿದ್ದು ಯಾರು? ಕೇಳಿಯೇಬಿಟ್ಟೆ.

"ಈಗೇನಂತಾಳ್ರಿ ಮಾವಶಿ?"

ಮಾವಶಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು. ಆಮೇಲೆ ಶಾಲಿನ ತುದಿಯನ್ನು ನನ್ನ ಕಡೆಗೆ, ನಡುವಿನ ಖಾಲಿ ಜಾಗದ ಮೇಲೆ ಹರಡಿದರು.

"ಏನೂ ಇಲ್ಲ. ಸುಮ್ಮ ಕುಂತಾಳ."

ನಾನು ಬಾಗಿಲಿಗೆ ಒತ್ತಿಕೊಂಡು ಇನ್ನೂ ಸ್ವಲ್ಪ ಸರಿದು ಕೂತೆ. ಆಸ್ಪತ್ರೆ ಬರುವವರೆಗೂ ಹಾಗೇ ಕೂತಿದ್ದೆ.